ಮೂರನೇ ಪೆಟ್ಟಿಗೆ ಅಂದು ಎಲ್ಲಿತ್ತು

2004ರ ಅನಂತ ಚತುರ್ದಶಿಯ ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ನಾನು ಪುಣೆಯ ಟಿಳಕ ಚೌಕದಲ್ಲಿ ನಿಂತಿದ್ದೆ. ಲಕ್ಷ್ಮಿ ರಸ್ತೆ ಬಂದು ಚೌಕಕ್ಕೆ ಕೂಡುವ ಮೂಲೆಯಲ್ಲಿ ಒಂದು ಔಷಧಿ ಅಂಗಡಿ ಇತ್ತು. ಅದರ ಮೆಟ್ಟಿಲಿನಿಂದ ಎಡಕ್ಕೆ ಹನ್ನೊಂದು ಹೆಜ್ಜೆಗೆ ನಮ್ಮ ಕಂಪನಿಯ ಬಿಳಿ ವ್ಯಾನು. ಅದರ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಐದೂವರೆಗೆ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಕರೆಗಳು ಸರಿಯಾಗಿ ಹೋಗುತ್ತಿವೆಯೇ, ನಡುವೆ ಕಡಿದುಬೀಳುತ್ತಿವೆಯೇ ಎಂದು ಕೇಳಿದ್ದೆ. ಆರು ಗಂಟೆಗೆ ಮತ್ತೆ ಕೇಳುವುದಿತ್ತು. ನಡುವಿನ ಅರ್ಧ ಗಂಟೆ ನಾನು ಅಲ್ಲಿಂದ ಕದಲಲಿಲ್ಲ. ಮೆರವಣಿಗೆಯ ಜನಸಂದಣಿ ಕದಲಲು ಬಿಡುವಂತೆಯೂ ಇರಲಿಲ್ಲ. ಇದಿಷ್ಟನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಹೇಳಿಯೂ ಇದ್ದೇನೆ.

ವ್ಯಾನಿನೊಳಗೆ ಒಂದು ಪೆಟ್ಟಿಗೆ ಇತ್ತು. ನಾನು ಬರೆಯಬೇಕಾದದ್ದು ಅದರ ಬಗ್ಗೆ.

ಆಗ ನಾನು ಒಂದು ಮೊಬೈಲ್ ಕಂಪನಿಯಲ್ಲಿ ಟವರುಗಳನ್ನು ನೋಡಿಕೊಳ್ಳುವ ಇಂಜಿನಿಯರ್. ಜನ ಟವರ್ ಎಂದು ಕರೆಯುವುದು ಬರೀ ಕಬ್ಬಿಣದ ಕಂಬವನ್ನು. ಕೆಲಸ ಮಾಡುವುದು ಅದರ ಬುಡದ ಕೋಣೆಯಲ್ಲಿರುವ ಪೆಟ್ಟಿಗೆಗಳು. ನಮ್ಮಲ್ಲಿ ಒಂದೊಂದು ದಿಕ್ಕಿಗೆ ಒಂದರಂತೆ ಸಾಮಾನ್ಯವಾಗಿ ಮೂರು ಇರುತ್ತಿದ್ದವು. ಪ್ರತಿ ಪೆಟ್ಟಿಗೆಗೂ ಒಂದು ಸಂಖ್ಯೆ. ನೀವು ಫೋನ್ ಮಾಡಿದಾಗ ಆ ಕರೆ ಯಾವ ಪೆಟ್ಟಿಗೆಯ ಮೂಲಕ ಹೋಯಿತೋ ಅದರ ಸಂಖ್ಯೆ ಕಂಪನಿಯ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಆ ಸಂಖ್ಯೆಯ ಮುಂದೆ ಒಂದು ಊರಿನ ಹೆಸರು, ವಿಳಾಸ ಇರುತ್ತವೆ. ಪೊಲೀಸರು ಕೇಳುವುದು ಅದನ್ನೇ. ಆದರೆ ಪೆಟ್ಟಿಗೆ ನಿಜವಾಗಿ ಎಲ್ಲಿದೆ ಎಂಬುದು ಕಂಪ್ಯೂಟರಿಗೆ ತಿಳಿಯದು. ನಾವು ಬರೆದಿಟ್ಟ ವಿಳಾಸವನ್ನೇ ಅದು ತಿರುಗಿ ಹೇಳುತ್ತದೆ.

ಗಣಪತಿ ವಿಸರ್ಜನೆಯ ದಿನ ಚೌಕದಲ್ಲಿ ಸೇರುವ ಜನರ ಫೋನುಗಳ ಭಾರವನ್ನು ಅಲ್ಲಿನ ಟವರುಗಳು ತಾಳುತ್ತಿರಲಿಲ್ಲ. ಅದಕ್ಕೆ ಪ್ರತಿ ವರ್ಷ ಒಂದು ವ್ಯಾನಿನ ಮೇಲೆ ಮಡಚುವ ಕಂಬ ಎತ್ತಿ, ಒಳಗೆ ಪೆಟ್ಟಿಗೆಯೊಂದನ್ನು ಇಟ್ಟು ನಿಲ್ಲಿಸುತ್ತಿದ್ದೆವು. ಆ ವರ್ಷ ಹಿಂದಿನ ದಿನ ಬೆಳಿಗ್ಗೆ ವ್ಯಾನಿನ ಪೆಟ್ಟಿಗೆ ಸುಟ್ಟುಹೋಯಿತು. ಬೇರೆಯದು ಮುಂಬಯಿಯಿಂದ ಬರಬೇಕು, ಅಷ್ಟು ಹೊತ್ತು ಇರಲಿಲ್ಲ. ನಗರದ ಪೂರ್ವಕ್ಕೆ, ಊರು ಮುಗಿದ ಮೇಲೆ, ಒಂದು ಕಲ್ಲು ಕ್ವಾರಿಯ ಪಕ್ಕದಲ್ಲಿ ನಮ್ಮ ಟವರ್ ಇತ್ತು. ಅದರ ಮೂರನೇ ಪೆಟ್ಟಿಗೆ ಕ್ವಾರಿಯ ಕಡೆ ಮುಖ ಮಾಡಿದ್ದು. ಹಬ್ಬಕ್ಕೆ ಕ್ವಾರಿ ಮುಚ್ಚಿರುತ್ತದೆ, ಮಾತಾಡುವವರು ಯಾರು? ಮ್ಯಾನೇಜರ್ ಫೋನಿನಲ್ಲೇ ಹೂಂ ಎಂದರು. ನಾನು, ಟವರ್ ಹತ್ತುವ ನಮ್ಮ ಮರಾಠಿ ಗೆಳೆಯ ಮತ್ತು ವ್ಯಾನಿನ ಡ್ರೈವರ್ ಹೋಗಿ ಮಧ್ಯಾಹ್ನದೊಳಗೆ ಅದನ್ನು ಬಿಚ್ಚಿ ತಂದೆವು.

ಇಂಥದ್ದಕ್ಕೆ ನಮ್ಮ ತಂಡದಲ್ಲಿ ‘ಉಸನೆ’ ಎನ್ನುತ್ತಿದ್ದರು. ಮರಾಠಿ ಮನೆಗಳಲ್ಲಿ ಬಟ್ಟಲು ಹಿಡಿದು ಪಕ್ಕದ ಮನೆಯಿಂದ ಸಕ್ಕರೆ ತರುವುದಕ್ಕೆ ಇರುವ ಮಾತು. ಉಸನೆ ತಂದದ್ದನ್ನು ಯಾರೂ ಬರೆದಿಡುವುದಿಲ್ಲ, ತಿರುಗಿ ಕೊಟ್ಟರೆ ಮುಗಿಯಿತು. ಪೆಟ್ಟಿಗೆಗೆ ಹೊಸ ಸಂಖ್ಯೆ, ಹೊಸ ವಿಳಾಸ ಕೊಡಬೇಕೆಂದರೆ ಮುಂಬಯಿ ಕಚೇರಿಗೆ ಅರ್ಜಿ ಹೋಗಬೇಕು, ನಾಲ್ಕು ಜನರ ಸಹಿ ಆಗಬೇಕು. ಆದ್ದರಿಂದ ಸಂಖ್ಯೆಯನ್ನು ಮುಟ್ಟಲಿಲ್ಲ. ಕಂಟ್ರೋಲ್ ರೂಮಿನಲ್ಲಿ ತಂತಿಗಳನ್ನು ಮಾತ್ರ ಬದಲಿಸಿಕೊಂಡೆವು.

“ಅಣ್ಣಾ, ಕ್ವಾರಿಯ ಕಲ್ಲಿಗೂ ಈ ವರ್ಷ ಗಣಪತಿ ದರ್ಶನ ಆಯಿತು ನೋಡು,” ಎಂದು ಟವರ್ ಹತ್ತುವವನು ಮರಾಠಿಯಲ್ಲಿ ನಗೆಯಾಡಿದ್ದ. ವಿಸರ್ಜನೆಯಾದ ಮೂರನೇ ದಿನ ಪೆಟ್ಟಿಗೆಯನ್ನು ಅದರ ಜಾಗದಲ್ಲಿ ಕೂರಿಸಿ ಬಂದೆವು. ಕೆಲಸ ಚೆನ್ನಾಗಿ ಆಯಿತೆಂದು ನನಗೆ ಹೆಮ್ಮೆಯಿತ್ತು.

ವಿಸರ್ಜನೆಯ ಸಂಜೆಯೇ ಆ ಕ್ವಾರಿಯ ಮೇಲ್ವಿಚಾರಕನನ್ನು ಅವನ ಆಫೀಸಿನ ಶೆಡ್ಡಿನಲ್ಲಿ ಯಾರೋ ಹೊಡೆದು ಕೊಂದಿದ್ದರು. ಆ ಸುದ್ದಿಯನ್ನು ನಾನು ಓದಿರಲೂ ಇಲ್ಲ.

2006ರ ಜೂನಿನಲ್ಲಿ ಕೋರ್ಟಿನಿಂದ ನನಗೆ ಸಮನ್ಸ್ ಬಂತು. ಒಂದು ಕೊಲೆಯ ಮೊಕದ್ದಮೆ; ಟವರ್ ಎಂದರೇನು, ದಾಖಲೆ ಹೇಗೆ ಆಗುತ್ತದೆ ಎಂಬುದನ್ನು ಸರ್ಕಾರದ ಪರವಾಗಿ ವಿವರಿಸಬೇಕು. ಜೊತೆಗೆ ಒಂದು ಹಾಳೆ: ಆರೋಪಿಯ ಫೋನಿನ ಕರೆಗಳ ಪಟ್ಟಿ. ಅದರಲ್ಲಿ ಒಂದು ಸಾಲಿಗೆ ಪೆನ್ಸಿಲ್ ಗುರುತು. ಸಂಜೆ ಐದು ನಲವತ್ತು, ಕ್ವಾರಿಯ ಟವರ್, ಮೂರನೇ ಪೆಟ್ಟಿಗೆ. ನಾನು ಓದಿ ಮಡಚಿಟ್ಟೆ. ನನಗೆ ಏನೂ ಹೊಳೆಯಲಿಲ್ಲ. ಹಾಳೆಯಲ್ಲಿ ಇದ್ದದ್ದು ಇಂಗ್ಲಿಷ್ ತಾರೀಖು. ನನ್ನ ತಲೆಯಲ್ಲಿ ಆ ದಿನಕ್ಕೆ ತಾರೀಖೇ ಇರಲಿಲ್ಲ, ಅದು ಅನಂತ ಚತುರ್ದಶಿ ಅಷ್ಟೆ.

ಮೊದಲ ಸಲ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ರಜೆಯಲ್ಲಿದ್ದರು. ಪಡಸಾಲೆಯಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿ, “ಇವತ್ತ ಆಗಲಿಲ್ಲ, ಊಟಕ್ಕ ಮನೀಗೆ ಬರ್ತೀನಿ,” ಎಂದೆ. ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ ಹೆಂಗಸೊಬ್ಬಳು ತಲೆ ಎತ್ತಿದಳು. ಮಡಿಲಲ್ಲಿ ಊಟದ ಡಬ್ಬಿ ಇತ್ತು.

“ನೀವು ಫೋನ್ ಕಂಪನಿ ಸಾಕ್ಷಿ ಏನ್ರಿ?”

“ಹೌದ್ರಿ.”

“ಕನ್ನಡದವರದೀರಿ.”

“ಗದಗ ನಮ್ದು.”

“ನಾವು ಇಂಡಿ ಕಡ್ಯಾವ್ರು. ನಿಮ್ಮ ಹಾಳಿ ಮ್ಯಾಲ ಒಳಗ ಕುಂತಾನಲ್ರಿ, ಅವ ನನ್ನ ಗಂಡ. ಎರಡು ವರ್ಷ ಆಗಾಕ ಬಂತು. ಲಾರಿ ಹೊಡೀತಿದ್ದ, ಕ್ವಾರಿದು. ಮೇಲ್ವಿಚಾರಕ ಲಾರಿ ಕೀಲಿ ಕಸಗೊಂಡ ಅಂತ ಜಗಳ ಆಗಿತ್ತು, ಖರೆ. ಜಗಳ ಮಾಡಿದವ್ರೆಲ್ಲಾ ಕೊಲ್ತಾರೇನ್ರಿ?”

“ನಾ ಯಂತ್ರದ್ದಷ್ಟ ಹೇಳಾಂವ್ರಿ. ಯಂತ್ರ ಸುಳ್ಳ ಹೇಳೂದಿಲ್ಲ,” ಎಂದೆ. ಆ ಮಾತನ್ನು ಎಷ್ಟು ಸಲೀಸಾಗಿ ಆಡಿದೆ ಎಂಬುದು ಈಗಲೂ ನೆನಪಿದೆ.

“ಹಂಗಾರ ನಾ ಸುಳ್ಳ ಹೇಳ್ತೀನಿ? ಆ ಫೋನ್ ಮಾಡಿದ್ದು ನನಗ. ಊರಾಗಿದ್ದೆ ನಾ. ‘ಗಣಪತಿ ನೋಡಾಕ ಬಂದೀನಿ, ಭಾಳ ಮಂದಿ ಅದ’ ಅಂದ. ಢೋಲ್ ಬಡೀತಿದ್ವು, ಮುಂದಿನ ಮಾತು ಕೇಳಸಲಿಲ್ಲ. ಪೊಲೀಸರಿಗೆ ಇದನ್ನ ಹೇಳಿದ್ರ ನಕ್ಕರು. ಅವತ್ತ ಎಲ್ಲಾ ಹಳ್ಳ್ಯಾಗೂ ಢೋಲ್ ಇರ್ತಾವ ಅಂದ್ರು.”

“ಅವತ್ತ ಅಂದ್ರ?”

“ಗಣಪತಿ ಕಳಸೂ ದಿನಾರಿ. ನಿಮ್ಮ ಯಂತ್ರ ಅದನ್ನ ಹೇಳಲಿಲ್ಲೇನು?”

ನಾನು ಊಟಕ್ಕೆ ಮನೆಗೆ ಹೋಗಲಿಲ್ಲ. ಆಫೀಸಿಗೆ ಹೋಗಿ ಎರಡು ವರ್ಷದ ಹಿಂದಿನ ಕ್ಯಾಲೆಂಡರ್ ಹುಡುಕಿಸಿ ತಾರೀಖು ನೋಡಿದೆ. ಹಾಳೆ ಬಿಡಿಸಿ ಸಂಖ್ಯೆ ನೋಡಿದೆ. ಮತ್ತೆ ತಾರೀಖು ನೋಡಿದೆ. ಆ ಸಂಜೆ ಆ ಸಂಖ್ಯೆಯ ಪೆಟ್ಟಿಗೆ ಕ್ವಾರಿಯ ಹತ್ತಿರ ಇರಲಿಲ್ಲ. ನನ್ನ ಬೆನ್ನ ಹಿಂದೆ ಇತ್ತು.

ಆ ಲಾರಿ ಡ್ರೈವರ್ ಕ್ವಾರಿಯಲ್ಲಿದ್ದು ಫೋನ್ ಮಾಡಿದ್ದರೆ ಬೇರೆ ಯಾವುದಾದರೂ ಸಂಖ್ಯೆ ಬರಬೇಕಿತ್ತು. ಈ ಸಂಖ್ಯೆ ಬಂದಿದೆ ಎಂದರೆ ಅವನ ಫೋನು ಟಿಳಕ ಚೌಕದ ಸುತ್ತಮುತ್ತ ಇತ್ತು. ಅವನನ್ನು ಸಿಕ್ಕಿಸಿದ ಸಾಲು ಅವನನ್ನು ಬಿಡಿಸಬೇಕಾದ ಸಾಲು. ಇದನ್ನು ಬಲ್ಲವರು ನಾವು ಮೂರು ನಾಲ್ಕು ಜನ, ಬರೆದಿಟ್ಟವರು ಯಾರೂ ಇಲ್ಲ.

ಇಲ್ಲಿಂದ ಮುಂದೆ ನಾನು ಮಾಡಿದ ತಪ್ಪನ್ನು ಕ್ರಮವಾಗಿ ಹೇಳಬೇಕು.

ಆ ದಿನ ಆ ಪೆಟ್ಟಿಗೆಯಿಂದ ಹೋದ ಎಲ್ಲ ಕರೆಗಳ ದಾಖಲೆ ನಮ್ಮ ಕಂಪ್ಯೂಟರಿನಲ್ಲಿ ಆಗ ಇನ್ನೂ ಇತ್ತು. ಕ್ವಾರಿಯ ಬಯಲಿನಲ್ಲಿ ದಿನಕ್ಕೆ ಬೆರಳೆಣಿಕೆಯ ಕರೆಗಳು. ಆ ಸಂಜೆ ಮಾತ್ರ ಒಂದು ಜಾತ್ರೆಯಷ್ಟು. ಅದನ್ನು ನೋಡಿದರೆ ಯಾರಿಗಾದರೂ ಅರ್ಥವಾಗುತ್ತಿತ್ತು. ನಾನು ಅಂದೇ ಆರೋಪಿಯ ವಕೀಲರ ಬಳಿ ಹೋಗಿ ಹೇಳಿದ್ದರೆ ಅವರು ಕೋರ್ಟಿನ ಮೂಲಕ ಆ ದಾಖಲೆಯನ್ನು, ಅದು ಸಾಚಾ ಎಂಬ ಕಂಪನಿಯ ಪ್ರಮಾಣಪತ್ರದೊಂದಿಗೆ, ತರಿಸುತ್ತಿದ್ದರು. ಆದರೆ ನಾನು ಸರ್ಕಾರದ ಸಾಕ್ಷಿ, ಕಂಪನಿಯ ನೌಕರ. ಮೇಲಿನವರಿಗೆ ಮೊದಲು ತಿಳಿಸುವುದು ಸರಿಯಾದ ದಾರಿ ಎಂದುಕೊಂಡೆ. ಮ್ಯಾನೇಜರಿಗೆ ಎರಡು ಪುಟದ ಪತ್ರ ಬರೆದೆ.

ಅವರು ಬೆಂಗಳೂರಿನವರು. ಬಾಗಿಲು ಹಾಕಿಸಿದರು.

“ಅಲ್ಲ, ನಿಮಗೆ ಏನಾಗಿದೆ ರೀ? ಪರ್ಮಿಷನ್ ಇಲ್ದೆ ಬಾಕ್ಸ್ ಶಿಫ್ಟ್ ಮಾಡಿದ್ವಿ ಅಂತ ರೈಟಿಂಗಲ್ಲಿ ಕೊಡ್ತಾರಾ ಯಾರಾದ್ರೂ? ಇಬ್ರೂ ಮನೆಗೆ ಹೋಗ್ತೀವಿ.”

“ಸರ್, ಅವ ಜನ್ಮಪೂರ್ತಿ ಜೈಲಿಗೆ ಹೋಗ್ತಾನ್ರಿ.”

“ಅವ್ನೇ ಕೊಂದಿರ್ಬಹುದು. ಕೊಂದಿಲ್ಲ ಅಂತ ನಿಮಗೆ ಗೊತ್ತಾ?”

“ಗೊತ್ತಿಲ್ರಿ. ಪೆಟ್ಟಿಗಿ ಎಲ್ಲಿತ್ತು ಅನ್ನೂದಷ್ಟ ಗೊತ್ತು. ನಿಮಗೂ ಗೊತ್ತದ. ನಾಲ್ಕಕ್ಕ ಬಂದು ವ್ಯಾನಿನ ಮುಂದ ಫೋಟೋ ತಗಸ್ಕೊಂಡ್ರಿ.”

ಅವರು ಪತ್ರವನ್ನು ಮಡಚಿ ಡ್ರಾಯರಿಗೆ ಹಾಕಿದರು. ಆಮೇಲೆ, “ಲೀಗಲ್‌ಗೆ ಕಳಿಸ್ತೀನಿ. ಅವ್ರು ಹೇಳೋವರೆಗೂ ಯಾರ ಹತ್ರನೂ ಬಾಯಿ ಬಿಡ್ಬೇಡಿ,” ಎಂದರು.

ನಾನು ಕಾದೆ. ವಾರಕ್ಕೊಮ್ಮೆ ನೆನಪಿನ ಪತ್ರ ಬರೆದೆ, ಅದರ ಪ್ರತಿ ಇಟ್ಟುಕೊಂಡೆ. ಐದು ವಾರ ಕಳೆಯಿತು. ಆರನೇ ವಾರ ಹೆದರಿಕೆಯಾಗಿ, ಉತ್ತರ ಬರದಿದ್ದರೂ ಆ ದಿನದ ದಾಖಲೆ ತೆಗೆದಿಡೋಣವೆಂದು ಕಂಪ್ಯೂಟರ್ ವಿಭಾಗಕ್ಕೆ ಹೋದೆ. ಅಲ್ಲಿದ್ದ ಹುಡುಗಿ ಪರದೆಯಲ್ಲಿ ಹುಡುಕಿ ಹೇಳಿದಳು: ಎರಡು ವರ್ಷಕ್ಕೆ ಹತ್ತಿರವಾದ ದಾಖಲೆಗಳನ್ನು ಹೋದ ಶನಿವಾರವಷ್ಟೇ ಅಳಿಸಲಾಗಿದೆ, ಪ್ರತಿ ಸಲದಂತೆ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ನಾನು ಅವಳ ಮೇಜಿನ ಅಂಚು ಹಿಡಿದು ನಿಂತೆ. “ನೀರು ಬೇಕಾ ಸರ್?” ಎಂದು ಕೇಳಿದಳು.

ಕಂಟ್ರೋಲ್ ರೂಮಿನ ಆದೇಶಗಳ ದಾಖಲೆ ಮೂರು ತಿಂಗಳಿಗೇ ಹೋಗುತ್ತಿತ್ತು. ಸ್ಟೋರಿನ ರಿಜಿಸ್ಟರಿನಲ್ಲಿ ಪೆಟ್ಟಿಗೆ ಕ್ವಾರಿ ಬಿಟ್ಟು ಕದಲಿಯೇ ಇಲ್ಲ. ವ್ಯಾನಿನ ಡ್ರೈವರ್ ಕೆಲಸ ಬಿಟ್ಟು ಹೋಗಿದ್ದ, ಎಲ್ಲಿದ್ದಾನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಟವರ್ ಹತ್ತುವ ಗೆಳೆಯನನ್ನು ಹುಡುಕಿಕೊಂಡು ಅವನ ಮನೆಗೆ ಹೋದೆ. ಹಿಂದಿನ ವರ್ಷ ಕಾಮಾಲೆಯಾಗಿ ತೀರಿಕೊಂಡಿದ್ದ. ಅವನ ತಮ್ಮ ನನಗೆ ಚಹ ಕೊಟ್ಟು, ಅಣ್ಣ ಕಂಬದ ಮೇಲೆ ನಿಂತ ಫೋಟೋ ತೋರಿಸಿದ. ಅದು ಬೇರೆ ಯಾವುದೋ ಕಂಬ.

ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಸರ್ಕಾರಿ ವಕೀಲರಿಗೆ ಎಲ್ಲವನ್ನೂ ಹೇಳಿದೆ. ಅವರು ಪಾನ್ ಜಗಿಯುತ್ತ ಕೇಳಿಸಿಕೊಂಡು ಮರಾಠಿಯಲ್ಲಿ ಅಂದರು: “ಅಹೋ ಸಾಹೇಬ, ನಿಮ್ಮನ್ನು ಕರೆಸಿದ್ದು ಟವರ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಲಿಕ್ಕೆ. ನಿಮ್ಮ ಕಂಪನಿಯ ಅಧಿಕಾರಿಯೇ ಸಹಿ ಮಾಡಿ ಕೊಟ್ಟಿದ್ದಾರೆ, ಕಂಪ್ಯೂಟರ್ ಸರಿಯಾಗಿತ್ತು, ದಾಖಲೆ ಎಂದಿನಂತೆ ಆದದ್ದು ಅಂತ. ಅವರು ಸುಳ್ಳುಗಾರರೇ?”

“ಅವರು ಮುಂಬಯಿಯಲ್ಲಿರುತ್ತಾರೆ. ಅವರಿಗೆ ಗೊತ್ತಿಲ್ಲ.”

“ಹಾಗಾದರೆ ನಿಮಗೂ ಗೊತ್ತಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಮನೆಗೆ ಹೋಗಿ.” ಮೇಜಿನ ಮೇಲಿದ್ದ ಕಾಗದದ ಕಟ್ಟೊಂದನ್ನು ತಟ್ಟಿದರು. “ನೋಡಿ, ಆ ಟವರಿನ ಆ ಇಡೀ ಸಂಜೆಯ ಕರೆಗಳು. ಪೊಲೀಸರು ವಾರದೊಳಗೆ ತರಿಸಿದ್ದು. ಎಷ್ಟು ದಪ್ಪ! ಇಷ್ಟರಲ್ಲಿ ಇವನ ನಂಬರು ಹುಡುಕಿದ್ದಾರೆ. ಇಷ್ಟು ಶ್ರಮ ಯಾರು ಪಡುತ್ತಾರೆ?”

ನಾನು ಆ ಕಟ್ಟನ್ನು ನೋಡಿದೆ. ಅಳಿಸಿಹೋದ ದಾಖಲೆ ಅಲ್ಲಿ, ಹುರಿಯಲ್ಲಿ ಕಟ್ಟಿಸಿಕೊಂಡು ಕೂತಿತ್ತು. ಆ ಗಳಿಗೆಯಲ್ಲಿ ನಾನು ನಿರ್ಧಾರ ಮಾಡಿದೆ.

ಕೋರ್ಟಿನಲ್ಲಿ ಅಂದು ಇತ್ಯರ್ಥವಾಗಬೇಕಿದ್ದದ್ದು ಒಂದೇ ಪ್ರಶ್ನೆ: ಫೋನಿನ ಹಾಳೆಯನ್ನು ಸಾಕ್ಷ್ಯವೆಂದು ಒಪ್ಪಬೇಕೋ ಬೇಡವೋ. ಸಹಿ ಮಾಡಿದ ಅಧಿಕಾರಿ ಪುಣೆಯ ಯಂತ್ರಗಳನ್ನು ಕಂಡವರೇ ಅಲ್ಲ, ಹಾಳೆಯನ್ನು ಒಪ್ಪಬಾರದು ಎಂದು ಆರೋಪಿಯ ವಕೀಲರು ತಕರಾರು ಹಾಕಿದ್ದರು. ಒಪ್ಪಲೇಬೇಕು ಎಂದು ಸರ್ಕಾರಿ ವಕೀಲರು. ನನ್ನ ಮಾತು ಕೇಳಿ ತೀರ್ಮಾನಿಸುವುದಾಗಿ ನ್ಯಾಯಾಧೀಶರು ಹೇಳಿದ್ದರು.

ಟವರ್, ಪೆಟ್ಟಿಗೆ, ಸಂಖ್ಯೆ ಎಲ್ಲವನ್ನೂ ಹೇಳಿದೆ. ಕೊನೆಗೆ ಸರ್ಕಾರಿ ವಕೀಲರು, “ಈ ಕರೆ ಯಾವ ಸ್ಥಳದಿಂದ ಹೋಯಿತು?” ಎಂದು ಕೇಳಿದರು.

“ಹಾಳೆಯಲ್ಲಿ ಕ್ವಾರಿ ಎಂದಿದೆ. ಆದರೆ ಆ ದಿನ ಆ ಪೆಟ್ಟಿಗೆಯನ್ನು ನಾನೇ ಟಿಳಕ ಚೌಕಕ್ಕೆ ತಂದಿದ್ದೆ. ಕರೆ ಹೋದ ಹೊತ್ತಿನಲ್ಲಿ ಅದರ ಪಕ್ಕದಲ್ಲೇ ನಿಂತಿದ್ದೆ.”

ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದರು. ನಾನು ಪ್ರತಿಕೂಲ ಸಾಕ್ಷಿ ಎಂದು ಸರ್ಕಾರಿ ವಕೀಲರು ಅಲ್ಲೇ ಸಾರಿದರು, ತಮ್ಮ ಸಾಕ್ಷಿಯನ್ನೇ ತಾವು ಪಾಟೀಸವಾಲು ಮಾಡಲು ಅನುಮತಿ ಪಡೆದರು. ಆರೋಪಿಯ ಹೆಂಡತಿ ನನ್ನ ಭಾಷೆಯವಳೇ? ಹೌದು. ಪಡಸಾಲೆಯಲ್ಲಿ ಅವಳೊಡನೆ ಮಾತಾಡಿದ್ದು ನಿಜವೇ? ನಿಜ. ಪೆಟ್ಟಿಗೆ ಸಾಗಿಸಿದ್ದಕ್ಕೆ ಒಂದು ಚೀಟಿಯಾದರೂ ಇದೆಯೇ? ಇಲ್ಲ. ಎರಡು ವರ್ಷ ಸುಮ್ಮನಿದ್ದೆನೇ? ಇದ್ದೆ.

“ಮೈ ಲಾರ್ಡ್, ಆ ಕಟ್ಟನ್ನು ಬಿಚ್ಚಿಸಿ ನೋಡಬೇಕು,” ಎಂದೆ.

ನ್ಯಾಯಾಧೀಶರು ಕಟ್ಟನ್ನು ತರಿಸಿ ತಾವೇ ಹುರಿ ಬಿಚ್ಚಿದರು. ಐದು ಗಂಟೆ ನಲವತ್ತು ನಿಮಿಷದ ಕರೆಗಳನ್ನು ಬೆರಳಿಟ್ಟು ನೋಡುತ್ತ ಹೋದರು. ಪುಟ ತಿರುಗಿಸಿದರು. ಇನ್ನೊಂದು ತಿರುಗಿಸಿದರು. ಅದು ಒಂದೇ ನಿಮಿಷದ ಕರೆಗಳ ಪಟ್ಟಿ. ಕನ್ನಡಕದ ಮೇಲಿಂದ ಸರ್ಕಾರಿ ವಕೀಲರತ್ತ ನೋಡಿ ಕೇಳಿದರು: “ಹಬ್ಬದ ದಿನ, ಮುಚ್ಚಿದ ಕ್ವಾರಿಯಲ್ಲಿ ಇಷ್ಟು ಜನ ಏನು ಮಾಡುತ್ತಿದ್ದರು?”

ಕೋಣೆಯ ಹಿಂದಿನಿಂದ ಯಾರೋ ನಕ್ಕರು. ಗೆದ್ದೆವು ಎಂದುಕೊಂಡೆ.

ಸರ್ಕಾರಿ ವಕೀಲರು ನಿಂತಲ್ಲೇ ತಿರುಗಿದರು. ಅಷ್ಟು ಹೊತ್ತು ಫೋನಿನ ಸಾಕ್ಷ್ಯ ಬೇಕೆಂದವರು, ಹಾಗಾದರೆ ಅದು ಬೇಡವೇ ಬೇಡ, ಕಂಪನಿಯೊಳಗೇ ಒಬ್ಬೊಬ್ಬರು ಒಂದೊಂದು ಹೇಳುವ ಕಾಗದವನ್ನು ತಾವು ನೆಚ್ಚುವುದಿಲ್ಲ ಎಂದರು. ಫೋನು ಎಲ್ಲಿದ್ದರೇನು, ಅದು ಆರೋಪಿಯ ಕೈಯಲ್ಲೇ ಇತ್ತೆಂದು ಹೇಗೆ ಹೇಳುವುದು ಎಂದೂ ಕೇಳಿದರು. ಅಷ್ಟು ಹೊತ್ತು ಬೇಡವೆಂದ ಆರೋಪಿಯ ವಕೀಲರು ಎದ್ದು ನಿಂತು, ಒಪ್ಪಲೇಬೇಕು ಎಂದರು. ಇಬ್ಬರೂ ಜಾಗ ಬದಲಿಸಿಕೊಂಡಿದ್ದರು. ಕಟಕಟೆಯ ಹಿಂದೆ ನಿಂತ ಲಾರಿ ಡ್ರೈವರನಿಗೆ ಇಂಗ್ಲಿಷ್ ಬಾರದು. ಅವನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದ.

ಆದೇಶ ಒಂಬತ್ತು ದಿನದ ನಂತರ ಬಂತು. ಕರೆಯ ಹಾಳೆಯನ್ನು ಒಪ್ಪಲಾಗದು, ಏಕೆಂದರೆ ಅದರ ಪ್ರಮಾಣಪತ್ರದಲ್ಲಿ ಹೇಳಿದ ಎಂದಿನ ಸ್ಥಿತಿಯಲ್ಲಿ ಯಂತ್ರ ಇರಲಿಲ್ಲ ಎಂದು ಕಂಪನಿಯ ಇಂಜಿನಿಯರನೇ ಹೇಳಿದ್ದಾನೆ. ಆ ದಪ್ಪ ಕಟ್ಟನ್ನೂ ಒಪ್ಪಲಾಗದು, ಏಕೆಂದರೆ ಅದಕ್ಕೆ ಪ್ರಮಾಣಪತ್ರವೇ ಇಲ್ಲ. ಮೂಲ ದಾಖಲೆ ಅಳಿಸಿಹೋಗಿರುವುದರಿಂದ ಇನ್ನು ಪಡೆಯುವಂತೆಯೂ ಇಲ್ಲ. ಪೆಟ್ಟಿಗೆ ಟಿಳಕ ಚೌಕದಲ್ಲಿತ್ತು ಎಂಬ ಇಂಜಿನಿಯರನ ಮಾತಿಗೆ ಬೇರೆ ಯಾವ ಆಧಾರವೂ ಇಲ್ಲ. ಆದ್ದರಿಂದ ಫೋನಿನ ವಿಷಯವನ್ನು ಪೂರ್ತಿ ಬದಿಗಿಟ್ಟು ಉಳಿದ ಸಾಕ್ಷ್ಯದ ಮೇಲೆ ಮೊಕದ್ದಮೆ ನಡೆಯತಕ್ಕದ್ದು.

ಕಾನೂನಿನ ಪ್ರಕಾರ ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಮೂರು ಸಲ ಓದಿದೆ.

ಉಳಿದ ಸಾಕ್ಷ್ಯ ಎಂದರೆ ಹಳೆಯ ಜಗಳ, ಅವನ ಕೋಣೆಯಲ್ಲಿ ಸಿಕ್ಕ ಲಾರಿಯ ಕಬ್ಬಿಣದ ಸಲಾಕೆ, ಮತ್ತು ಕ್ವಾರಿ ರಸ್ತೆಯ ಚಹದಂಗಡಿಯವನ ಮಾತು. ಮುಸ್ಸಂಜೆಯಲ್ಲಿ ಡ್ರೈವರನಂಥವನೊಬ್ಬ ಆ ದಾರಿಯಲ್ಲಿ ಹೋದದ್ದನ್ನು ಕಂಡೆನೆಂದು ಅವನು ಹೇಳಿದ್ದ. ಅದಕ್ಕೆ ಎದುರಾಗಿ ಇಡಲು ಏನೂ ಉಳಿದಿರಲಿಲ್ಲ. ಜೀವಾವಧಿ ಶಿಕ್ಷೆಯಾಯಿತು.

ತೀರ್ಪಿನ ದಿನ ನಾನು ರಜೆ ಹಾಕಿ ಹೋಗಿದ್ದೆ. ಅವನ ಹೆಂಡತಿ ಅಳಲಿಲ್ಲ. ನನ್ನ ಹತ್ತಿರ ಬಂದು, “ಅಣ್ಣಾರ, ನೀವು ಖರೆ ಹೇಳಿದ್ರಿ. ಹೇಳಿದ ಮ್ಯಾಲೂ ಹಿಂಗ್ಯಾಕ ಆತ್ರಿ?” ಎಂದು ಕೇಳಿದಳು. ಪ್ರಮಾಣಪತ್ರದ ಬಗ್ಗೆ ಹೇಳಲು ಹೊರಟು ನಡುವೆ ನಿಲ್ಲಿಸಿದೆ. ಆ ಐದು ವಾರದ ವಿಷಯವನ್ನು ಹೇಳಿದೆ. ಮೊದಲ ದಿನವೇ ನಿಮ್ಮ ವಕೀಲರ ಹತ್ತಿರ ಹೋಗಿದ್ದರೆ ಆ ಕಾಗದ ಸಿಗುತ್ತಿತ್ತು, ನಾನು ಹೋಗಲಿಲ್ಲ ಎಂದೆ. ಅವಳು ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದಳು. ಬಯ್ಯಲಿಲ್ಲ.

ಪೊಲೀಸರು ಅವನನ್ನು ಮೆಟ್ಟಿಲಿಳಿಸಿ ಕರೆತರುವಾಗ ನಾನು ಬದಿಯಲ್ಲಿ ನಿಂತಿದ್ದೆ. ಅವನು ನಿಂತ. ಅಲ್ಲಿಯವರೆಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ.

“ಸರ, ಆ ಬಿಳಿ ವ್ಯಾನ್ ನಿಮ್ದ ಏನ್ರಿ? ಮ್ಯಾಲ ಕಂಬ ಇತ್ತಲ್ರಿ?”

“ಹೌದು.”

“ಅದರ ಹಗ್ಗಕ್ಕ ಹಸರು ಸೀರಿ ತುಂಡ ಕಟ್ಟಿದ್ರಿ, ಮಂದಿ ಎಡವಬಾರ್ದಂತ. ನಾ ಎಡವಿದ್ದೆ. ಹೂ ಮಾರಾಕಿ ಬೈದ್ಳು.”

“ಚಲ್,” ಎಂದು ಪೊಲೀಸಿನವನು ಅವನ ತೋಳು ಎಳೆದ.

ಕಂಬವನ್ನು ಬಿಗಿದ ನಾಲ್ಕು ಹಗ್ಗಗಳಲ್ಲಿ ಒಂದು ಹಾದುಹೋಗುವವರ ಕಾಲಿಗೆ ಅಡ್ಡ ಬರುತ್ತಿತ್ತು. ಅಲ್ಲೇ ಹೂ ಮಾರುತ್ತಿದ್ದ ಹೆಂಗಸು ತನ್ನ ಬುಟ್ಟಿಗೆ ಹೊದಿಸಿದ್ದ ಹಳೆಯ ಹಸಿರು ಸೀರೆಯಿಂದ ಒಂದು ತುಂಡು ಹರಿದು ಕೊಟ್ಟಿದ್ದಳು. ಅದನ್ನು ಕಟ್ಟಿದವನು ನಾನು. ಈ ವಿಷಯವನ್ನು ನಾನು ಕೋರ್ಟಿನಲ್ಲಿ ಹೇಳಿರಲಿಲ್ಲ, ಪತ್ರದಲ್ಲಿ ಬರೆದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಅಂದಿನವರೆಗೆ ನನಗೆ ಗೊತ್ತಿದ್ದದ್ದು ಪೆಟ್ಟಿಗೆ ಎಲ್ಲಿತ್ತು ಎಂಬುದು ಮಾತ್ರ. ಅವನು ಎಲ್ಲಿದ್ದ ಎಂಬುದು ಅಂದು ಗೊತ್ತಾಯಿತು.

ಆ ಸಂಜೆಯೇ ಅವನ ವಕೀಲರ ಬಳಿ ಹೋದೆ. ಕಂಪನಿ ನನ್ನನ್ನು ಕೆಲಸದಿಂದ ಬಿಡಿಸಿ ಈಗ ಎರಡು ವರ್ಷವಾಗುತ್ತದೆ. ಅದರ ಬಗ್ಗೆ ಹೇಳುವುದೇನೂ ಇಲ್ಲ. ಮೇಲ್ಮನವಿ ಹೈಕೋರ್ಟಿನಲ್ಲಿದೆ, ವಿಚಾರಣೆಗೆ ಇನ್ನೂ ಬಂದಿಲ್ಲ. ಹೊಸ ಸಾಕ್ಷ್ಯ ತೆಗೆದುಕೊಳ್ಳಲು ಕೋರ್ಟು ಒಪ್ಪಿದರೆ ಯಾರನ್ನು ಕರೆಸಬಹುದು ಎಂದು ವಕೀಲರು ಒಂದು ಪಟ್ಟಿ ಕೇಳಿದ್ದಾರೆ. ಹುಡುಕಿ ಬರೆದದ್ದು ಇದು.

ಆ ಸಂಜೆ ಟಿಳಕ ಚೌಕದಲ್ಲಿ ಆ ವ್ಯಾನನ್ನು ಕಂಡು ಇಂದು ಬದುಕಿರುವವರು ನಾನಲ್ಲದೆ ಐವರು. ವ್ಯಾನಿನ ಡ್ರೈವರ್, ಈಗ ಹಿಂಜವಾಡಿಯಲ್ಲಿ ಕಂಪನಿಯೊಂದರ ಕ್ಯಾಬ್ ಓಡಿಸುತ್ತಾನೆ, ಪೆಟ್ಟಿಗೆ ಹೊತ್ತದ್ದನ್ನು ಹೇಳಲು ಒಪ್ಪಿದ್ದಾನೆ. ವ್ಯಾನು ಸರಿಸಿ ಎಂದು ಎರಡು ಸಲ ಬಂದು ಜಗಳವಾಡಿದ ಟ್ರಾಫಿಕ್ ಪೊಲೀಸ್. ನಿವೃತ್ತನಾಗಿ ಸಾಸವಡದಲ್ಲಿದ್ದಾನೆ, ನೆನಪಿದೆ ಎನ್ನುತ್ತಾನೆ, ಸಹಿ ಮಾಡಲು ಹೆದರುತ್ತಾನೆ. ಹೂ ಮಾರುವ ಹೆಂಗಸು. ಈಗಲೂ ಅದೇ ಮೂಲೆಯಲ್ಲಿ ಕೂರುತ್ತಾಳೆ, ಒಂದು ಕಣ್ಣು ಮಂಜಾಗಿದೆ. ನಮ್ಮ ಮ್ಯಾನೇಜರ್; ಬೆಂಗಳೂರಿಗೆ ಹೋದರು, ನನ್ನ ಫೋನ್ ಎತ್ತುವುದಿಲ್ಲ. ಐದನೆಯವನು ಜೈಲಿನಲ್ಲಿದ್ದಾನೆ.